ಕಲಂ ಒಂಬತ್ತು ಓದಿಸಿದ ಕಮರುದ್ದೀನ್ ಮಾಸ್ಟ್ರು

ಬೆಳಗಿನ ಗಂಟೆ ಆರಾಗಲು ಇನ್ನೂ ಹತ್ತು ನಿಮಿಷ. ಫಳ್ನೀರಿನ ಆ ಪ್ರೌಢಶಾಲೆಯ ಏಳನೇ ನಂಬರಿನ ಕೋಣೆಯಲ್ಲಿ ಕಮರುದ್ದೀನ್ ಮಾಸ್ಟ್ರು ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾರೆ. ಹಳೆಯ ಪಂಚೆಯ ತುಂಡಿನಿಂದ ಬೆಂಚು ಒರೆಸುತ್ತಾರೆ, ಕಪ್ಪು ಕೋಟಿನ ಜೇಬಿನಿಂದ ಸೀಮೆಸುಣ್ಣ ತೆಗೆದು ಬೋರ್ಡಿನ ಮೂಲೆಯಲ್ಲಿ ತಾರೀಕು ಬರೆಯುತ್ತಾರೆ. ಅಷ್ಟರಲ್ಲಿ ಅಂಗಳದಲ್ಲಿ ಮಾತು ಕೇಳಿಸುತ್ತದೆ. ಪಂಪ್‌ವೆಲ್ ಕಡೆಯಿಂದ ನಡೆದು ಬಂದ ಬೀಡಿ ಕಟ್ಟುವ ಹೆಂಗಸರು, ಹಂಚಿನ ಕಾರ್ಖಾನೆಗೆ ಹೊರಟವರು, ಇಬ್ಬರು ಮೀನು ಮಾರುವವರು. ಒಟ್ಟು ಇಪ್ಪತ್ತೆಂಟು ಮಂದಿ. ಬುತ್ತಿಗಳನ್ನು ಗೋಡೆಯ ಬದಿ ಇಟ್ಟು, ಹೈಸ್ಕೂಲು ಮಕ್ಕಳು ಕೂರುವ ಬೆಂಚುಗಳಲ್ಲಿ ಕೂರುತ್ತಾರೆ.

ಇಂದಿನ ಪಾಠವನ್ನು ತಂದವರು ಮಾಸ್ಟ್ರಲ್ಲ, ಮುದ್ದು. ಆಕೆ ಹಂಚಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಮಣ್ಣು ಹೊತ್ತವರು. ಕಾರ್ಖಾನೆಯ ಗೋಡೆಗೆ ಅಂಟಿಸಿದ್ದ ನೋಟೀಸನ್ನು ಅಕ್ಷರಕ್ಕೆ ಅಕ್ಷರ ನೋಡಿ ಒಂದು ಕಾಗದದಲ್ಲಿ ಬರೆದುಕೊಂಡು ಬಂದಿದ್ದಾರೆ. ಮಾಸ್ಟ್ರು ಅದನ್ನು ಬೋರ್ಡಿಗೆ ಇಳಿಸುತ್ತಾರೆ. ಮುಂದಿನ ಸೋಮವಾರದಿಂದ ಕೆಲಸದ ವೇಳೆ ಬದಲಾಗಿದೆ ಎಂಬುದು ಒಕ್ಕಣೆ. ಯಾರು ಬರೆದದ್ದು, ಯಾರಿಗೆ ಬರೆದದ್ದು, ಯಾವಾಗ ಬರೆದದ್ದು ಎಂದು ಅವರು ಕೇಳುತ್ತಾ ಹೋಗುತ್ತಾರೆ. ಮುದ್ದು ಬೋರ್ಡನ್ನು ಮೇಲಿನಿಂದ ಕೆಳಗೆ ಎರಡು ಸಲ ಓದುತ್ತಾರೆ.

"ತಾರೀಕೇ ಇಲ್ಲ ಮಾಸ್ಟ್ರೇ. ಮುಂದಿನ ಸೋಮವಾರ ಅಂದ್ರೆ ಯಾವ ಸೋಮವಾರ ಅಂತ ಎಂತ ಗೊತ್ತಾಗುದು?"

"ಹಾಗಾದ್ರೆ ಎಂತ ಮಾಡ್ತೀರಿ?"

"ಆಫೀಸಿಗೆ ಹೋಗಿ ಕೇಳ್ತೇನೆ. ಬರೆದು ಕೊಡಿ ಅಂತ ಹೇಳ್ತೇನೆ."

ಏಳೂಕಾಲಿಗೆ ತರಗತಿ ಮುಗಿಯುತ್ತದೆ. ಆ ಮೇಲೆ ಮಾಸ್ಟ್ರು ಮನೆಗೆ ಹೋಗಿ ಗಂಜಿ ಉಂಡು, ಒಂಬತ್ತೂವರೆಗೆ ಮತ್ತೆ ಇದೇ ಕೋಣೆಗೆ ಬರುತ್ತಾರೆ. ಹಗಲಿಗೆ ಆರು ಪೀರಿಯಡು, ಮೂರು ತರಗತಿ, ತೊಂಬತ್ತನಾಲ್ಕು ಮಕ್ಕಳು. ಅರ್ಥಶಾಸ್ತ್ರ, ವಾಣಿಜ್ಯ, ಕಾನೂನಿನ ಮೊದಲ ಪಾಠಗಳು, ಟೈಪ್‌ರೈಟಿಂಗು. ನಾಲ್ಕನ್ನೂ ಹದಿನೈದು ವರ್ಷದಿಂದ ಒಬ್ಬರೇ ಕಲಿಸುತ್ತಿದ್ದಾರೆ. ಊರಿನಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಕಮರುದ್ದೀನರು ವ್ಯಾಪಾರಸ್ಥರ ಮನೆಯ ಹುಡುಗ. ತಂದೆ ನೂರ್ ಮುಹಮ್ಮದ್ ಅವರದು ಬಂದರಿನಲ್ಲಿ ಅಕ್ಕಿ ಮತ್ತು ಒಣಮೀನಿನ ಮಂಡಿ. ಅಣ್ಣ ಅಯ್ಯೂಬ್ ಹದಿನೈದನೇ ವಯಸ್ಸಿಗೇ ಅಂಗಡಿಗೆ ಕೂತರು. ತಮ್ಮ ಕಮರುದ್ದೀನ್ ಮದ್ರಾಸಿಗೆ ಹೋಗಿ ಬಿ.ಕಾಂ. ಮಾಡಿಕೊಂಡು ಬಂದಾಗ ಇನ್ನು ಮಂಡಿಗೆ ಬಲ ಬಂತು ಎಂದೇ ಮನೆಯವರೆಲ್ಲ ತಿಳಿದಿದ್ದರು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಆತ ಶಾಲೆಗೆ ಮಾಸ್ಟ್ರಾಗಿ ಸೇರಿದ್ದೇನೆ ಎಂದಾಗ ತಂದೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ, ಅಂಗಡಿಯಲ್ಲಿ ಕೂತು ಮಾಡುವುದನ್ನು ಇವನು ಬೋರ್ಡಿನಲ್ಲಿ ಬರೆದು ತೋರಿಸುತ್ತಾನಂತೆ ಎಂದು ಗೋಡೆಗೆ ಹೇಳಿದರಂತೆ.

"ಅವರು ಹೇಳಿದ್ದು ಸುಳ್ಳಲ್ಲ" ಎಂದು ಮಾಸ್ಟ್ರು ನಗುತ್ತಾರೆ. "ಆದ್ರೆ ಅಂಗಡಿಯಲ್ಲಿ ಕಲಿತದ್ದು ಅಂಗಡಿಯವನ ಮಕ್ಕಳಿಗೆ ಮಾತ್ರ ಸಿಗ್ತದೆ. ಉಳಿದವರಿಗೆ ಯಾರು ಹೇಳ್ಬೇಕು?"

ಮೊದಲ ವರ್ಷಗಳು ಸುಲಭವಿರಲಿಲ್ಲ. ಐವತ್ತಾರರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರು ಪಾಠವನ್ನು ಕನ್ನಡಕ್ಕೆ ತಿರುಗಿಸಿದರು. ಕೈಗೆ ಒದಗುವ ಕನ್ನಡ ಪುಸ್ತಕ ಒಂದೂ ಇರಲಿಲ್ಲ. ಮಾಸ್ಟ್ರು ತಾವೇ ಟಿಪ್ಪಣಿ ಬರೆದು, ಕಲ್ಲಚ್ಚಿನಲ್ಲಿ ಒತ್ತಿಸಿ ಹಂಚಿದರು. ಮಕ್ಕಳನ್ನು ಬಂದರಿಗೆ ಕರೆದುಕೊಂಡು ಹೋಗಿ ಹಡಗಿನ ಸರಕಿನ ಕಾಗದ ತೋರಿಸಿದರು. ಕೋರ್ಟು ಗುಡ್ಡ ಹತ್ತಿಸಿ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಕಂಪೆನಿಯ ಪಾಠ ಬಂದಾಗ ತರಗತಿಯನ್ನೇ ಕಂಪೆನಿ ಮಾಡಿ, ನೋಟೀಸು ಹೊರಡಿಸಿ, ಕೋರಂ ಎಣಿಸಿ, ಸೂಚಕರು ಅನುಮೋದಕರು ಎಂದು ಎಬ್ಬಿಸಿ ಸಭೆ ನಡೆಸಿದರು. ಪಕ್ಕದ ತರಗತಿಯ ಅಧ್ಯಾಪಕರು ಇವರಿಗೆ 'ಆಟದ ಮಾಸ್ಟ್ರು' ಎಂದು ಹೆಸರಿಟ್ಟರು.

ಐವತ್ತೊಂಬತ್ತರ ಆಗಸ್ಟಿನಲ್ಲಿ ಆಟ ನಿಲ್ಲುವ ಹೊತ್ತು ಬಂತು.

ಶಾಲೆಯನ್ನು ನಡೆಸುವುದು ಒಂದು ವಿದ್ಯಾಸಂಘ. ಅದರ ಸಂಚಾಲಕರು ನಿತ್ಯಾನಂದ ಶೆಟ್ಟರು, ದೊಡ್ಡ ಭೂಮಿಯ ಮನೆತನದವರು, ಶಾಲೆಗೆ ತಮ್ಮ ಜಾಗವನ್ನೇ ಕೊಟ್ಟವರು. ವಾಣಿಜ್ಯ ವಿಭಾಗದಲ್ಲಿ ಆಗ ಹತ್ತೊಂಬತ್ತೇ ಮಕ್ಕಳು. ಊರೆಲ್ಲ ವಿಜ್ಞಾನ ಬೇಕು ಎನ್ನುತ್ತಿತ್ತು. ಏಳನೇ ನಂಬರಿನ ಕೋಣೆಯನ್ನು ಪ್ರಯೋಗಾಲಯ ಮಾಡುವುದು, ವಾಣಿಜ್ಯವನ್ನು ಮಾರ್ಚಿಗೆ ಮುಚ್ಚುವುದು ಎಂದು ಆಡಳಿತ ಸಮಿತಿ ತೀರ್ಮಾನಿಸಿತು. ಮಾಸ್ಟ್ರ ಕೈಗೆ ಎರಡು ಸಾಲಿನ ಪತ್ರ ಬಂತು. ಮನೆಯಲ್ಲಿ ಹೆಂಡತಿ ಹಲೀಮಾ ಮತ್ತು ಮೂವರು ಮಕ್ಕಳು. ಶೆಟ್ಟರ ಮನೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ ಎಂದು ಹಲೀಮಾ ಹೇಳಿದರು. ಅವರು ಕೋಟು ಹಾಕಿಕೊಂಡು ಹೊರಟದ್ದೂ ಉಂಟು. ಗೇಟಿನವರೆಗೆ ಹೋಗಿ ಹಿಂದೆ ಬಂದರು.

"ನನ್ನ ಕೆಲಸ ಉಳಿಸಿ ಅಂತ ಕೇಳ್ಬಹುದಿತ್ತು. ಅವರು ಉಳಿಸ್ತಿದ್ರು ಸಹ, ಎಲ್ಲಿಯಾದ್ರೂ ಗುಮಾಸ್ತೆ ಮಾಡಿ. ಆದ್ರೆ ಕ್ಲಾಸು ಉಳಿಸಿ ಅಂತ ಕೇಳುವ ಹಕ್ಕು ನನ್ನದಾ? ಅದು ಮಕ್ಕಳದ್ದು, ತಂದೆತಾಯಿಯದ್ದು."

ಮರುವಾರ ಪಠ್ಯದಲ್ಲಿ ಬಂದದ್ದು ಸಂಘ ಸಂಸ್ಥೆಗಳ ಪಾಠ. ಪ್ರತಿ ವರ್ಷ ಆ ಪಾಠಕ್ಕೆ ಅವರು ಒಂದು ನಿಜವಾದ ಬೈಲಾ, ಅಂದರೆ ಸಂಘದ ನಿಯಮಾವಳಿ, ಓದಿಸುವ ರೂಢಿ. ಹಿಂದಿನ ವರ್ಷ ಒಂದು ಸಹಕಾರಿ ಸಂಘದ್ದು ಓದಿಸಿದ್ದರು. ಈ ಸಲ ಶಾಲೆಯ ವಿದ್ಯಾಸಂಘದ್ದೇ ಓದಿಸಿದರು. ಬೇಕೆಂದೇ ಮಾಡಿದಿರಾ ಎಂದು ಕೇಳಿದರೆ ಮಾಸ್ಟ್ರು ಕನ್ನಡಕ ತೆಗೆದು ಒರೆಸುತ್ತಾರೆ.

ಓದಲು ಎದ್ದವಳು ನಾಝಿಮಾ. ಆ ತರಗತಿಗೆ ಬಂದ ಮೊದಲ ಬ್ಯಾರಿ ಹುಡುಗಿ. ತಾಯಿ ಸಾರಮ್ಮ ಬೀಡಿ ಕಟ್ಟಿ ಸಾಕಿದವರು. ಕಲಂ ಒಂಬತ್ತರಲ್ಲಿ ಹೀಗಿತ್ತು: ಒಂದು ರೂಪಾಯಿ ಚಂದಾ ಕೊಟ್ಟ ಪ್ರತಿ ಪೋಷಕರೂ ಸಂಘದ ಸದಸ್ಯರು; ಸದಸ್ಯರಲ್ಲಿ ಐದನೇ ಒಂದು ಪಾಲು ಮಂದಿ ಬರೆದು ಕೇಳಿದರೆ ಸಂಚಾಲಕರು ವಿಶೇಷ ಮಹಾಸಭೆ ಕರೆಯಲೇಬೇಕು; ಆ ಸಭೆಯ ನಿರ್ಣಯ ಆಡಳಿತ ಸಮಿತಿಯ ತೀರ್ಮಾನಕ್ಕಿಂತ ಮೇಲು. ಹುಡುಗಿ ಓದಿ ಮುಗಿಸಿ ಕೂರಲಿಲ್ಲ.

"ಸರ್, ಜೂನ್‌ನಲ್ಲಿ ಉಮ್ಮ ಒಂದು ರೂಪಾಯಿ ಕೊಟ್ಟದ್ದುಂಟು. ರಶೀದಿ ಮನೆಯಲ್ಲಿ ಉಂಟು. ಉಮ್ಮ ಸದಸ್ಯೆಯಾ?"

ಹೌದು ಎಂದರು ಮಾಸ್ಟ್ರು. ಮುಂದಿನದನ್ನು ಅವರು ಹೇಳಲಿಲ್ಲ. ತಾನು ಸಂಬಳದವನು, ಬೈಲಾ ಓದಿಸಬಹುದು, ಸಹಿ ಹಾಕಿಸಲಿಕ್ಕೆ ಆಗುವುದಿಲ್ಲ ಎಂದಷ್ಟೇ ಹೇಳಿ ಪುಟ ಮಡಚಿದರು.

ಆ ಸಂಜೆ ನಾಝಿಮಾ ಮನೆಗೆ ಹೋಗಿ ತಾಯಿಗೆ ಕಲಂ ಒಂಬತ್ತನ್ನು ಮೂರು ಸಲ ಓದಿ ಹೇಳಿದಳು. ಅವಳ ಸಹಪಾಠಿ ಬೆನಿಟಾ ಅರ್ಜಿಯನ್ನು ಟೈಪು ಮಾಡಿದಳು. ಸಾರಮ್ಮ ಬೀಡಿಯ ಮೊರವನ್ನು ಬದಿಗಿಟ್ಟು, ತಲೆವಸ್ತ್ರ ಸರಿಮಾಡಿಕೊಂಡು ಮನೆ ಮನೆ ಹತ್ತಿ ಇಳಿದರು. ಸಂಘದಲ್ಲಿ ಇನ್ನೂರ ಹನ್ನೆರಡು ಸದಸ್ಯರು. ನಲವತ್ತಮೂರು ಸಹಿ ಸಾಕಿತ್ತು. ಒಂಬತ್ತು ದಿನದಲ್ಲಿ ಐವತ್ತೇಳು ಬಂತು, ಅದರಲ್ಲಿ ಇಪ್ಪತ್ತು ಹೆಬ್ಬೆಟ್ಟು. ಅರ್ಜಿಯನ್ನು ಶಾಲೆಯ ಆಫೀಸಿನಲ್ಲಿ ಕೊಟ್ಟು ಸಾರಮ್ಮ ಅಲ್ಲೇ ನಿಂತರು. ಇನ್ನೆಂತ ಎಂದು ಗುಮಾಸ್ತರು ಕೇಳಿದಾಗ, ಎರಡನೇ ಪ್ರತಿಗೆ ತಾರೀಕು ಹಾಕಿ ಸಹಿ ಮಾಡಿ ಕೊಡಿ ಎಂದರು.

ಶೆಟ್ಟರಿಗೆ ಸಿಟ್ಟು ಬಂದದ್ದು ನಿಜ. ಆದರೆ ಬೈಲಾ ಬರೆದ ಐದು ಮಂದಿಯಲ್ಲಿ ಅವರೂ ಒಬ್ಬರು. ಅಕ್ಟೋಬರಿನ ಒಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಮಹಾಸಭೆ ಎಂದು ನೋಟೀಸು ಹೊರಟಿತು.

ಆ ದಿನ ಶಾಲೆಯ ಸಭಾಂಗಣದಲ್ಲಿ ಹಿಂದೆಂದೂ ಕಾಣದಷ್ಟು ಜನ. ಮುಂದಿನ ಕುರ್ಚಿಗಳಲ್ಲಿ ವಕೀಲರು, ಹೋಟೆಲಿನವರು, ಡಾಕ್ಟರು. ಹಿಂದಿನ ಬೆಂಚುಗಳಲ್ಲಿ ಮೊದಲ ಬಾರಿಗೆ ಒಳಗೆ ಬಂದ ತಾಯಂದಿರು. ನಾಝಿಮಾ ಮತ್ತು ಬೆನಿಟಾ ಸದಸ್ಯರಲ್ಲವಲ್ಲ, ಕಿಟಕಿಯ ಹೊರಗೆ ನಿಂತರು. ಕೋರಂ ಎಣಿಸಿಯಾಯಿತು. ಹೆಬ್ಬೆಟ್ಟು ಒತ್ತಿದವರಿಗೆ ಮತ ಉಂಟೇ ಎಂದು ಮುಂದಿನ ಸಾಲಿನಿಂದ ಒಬ್ಬರು ಎದ್ದರು. ಸಭೆಯೆಲ್ಲ ಗುಸುಗುಸು ಎಂದಿತು. ಶೆಟ್ಟರು ಬೈಲಾ ತೆರೆದು ಓದಿದರು, ಸದಸ್ಯರ ರಿಜಿಸ್ಟರು ತರಿಸಿ ಹೆಸರು ಹೆಸರಾಗಿ ನೋಡಿದರು. ಚಂದಾ ಕೊಟ್ಟವರಿಗೆಲ್ಲ ಮತ ಉಂಟು, ಅಕ್ಷರ ಬರಬೇಕು ಎಂದು ಇದರಲ್ಲಿ ಬರೆದಿಲ್ಲ ಎಂದು ತೀರ್ಪು ಕೊಟ್ಟರು.

ಇನ್ನು ಅರ್ಜಿದಾರರು ಮಾತಾಡಬೇಕು. ಸಾರಮ್ಮ ಎದ್ದರು. ಗಂಡಸರಿರುವ ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು. ಬೆಂಚಿನ ಅಂಚನ್ನು ಹಿಡಿದುಕೊಂಡು ನಿಂತಿದ್ದರು. ಕಿಟಕಿಯ ಆಚೆ ನಿಂತ ಮಗಳನ್ನು ಒಮ್ಮೆ ನೋಡಿದರು.

"ಗಂಡ ತೀರಿದ ಮೇಲೆ ನಾನು ಮೂರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆ" ಎಂದರು ಸಾರಮ್ಮ. "ಎಂತ ಬರೆದದ್ದು ಅಂತ ಯಾರೂ ಹೇಳ್ಲಿಲ್ಲ. ಮನೆ ಹೋಯ್ತು. ಈಗ ಕಾಗದ ಬಂದ್ರೆ ಮಗಳು ಓದಿ ಅರ್ಥ ಹೇಳ್ತಾಳೆ, ನಮ್ಮ ಬೀದಿಯವರಿಗೆಲ್ಲ ಹೇಳ್ತಾಳೆ. ಅವಳಿಗೆ ಅದು ಸಿಕ್ಕಿದ್ದು ಈ ಕ್ಲಾಸಿನಲ್ಲಿ. ಸಾಯನ್ಸು ಬೇಕು, ನಾನು ಬೇಡ ಹೇಳ್ಲಿಲ್ಲ. ಇದನ್ನು ಮುಚ್ಚಬೇಡಿ. ಅಷ್ಟೇ."

ಅವರು ಕೂತರು. ಅನುಮೋದಿಸಲು ಹಿಂದಿನ ಬೆಂಚಿನಿಂದ, ಪೋಷಕರಲ್ಲಿ ಒಬ್ಬರಾಗಿ ಬಂದಿದ್ದ, ಹಂಚಿನ ಕಾರ್ಖಾನೆಯ ಅದೇ ಮುದ್ದು ಎದ್ದರು. ಕೈ ಎತ್ತಿಸಿ ಎಣಿಸಲಾಯಿತು. ವಿಭಾಗ ಉಳಿಯಲಿ ಎಂದು ಎಂಬತ್ತಮೂರು, ಮುಚ್ಚಲಿ ಎಂದು ನಲವತ್ತೊಂದು. ಆ ಎಂಬತ್ತಮೂರರಲ್ಲಿ ಮುಂದಿನ ಸಾಲಿನ ಡಾಕ್ಟರ ಕೈಯೂ ಇತ್ತು, ಇಬ್ಬರು ವಕೀಲರದ್ದೂ ಇತ್ತು.

ಮಾಸ್ಟ್ರು ಎಲ್ಲಿದ್ದರು? ನೌಕರರಿಗೆ ಸಭೆಗೆ ಪ್ರವೇಶವಿಲ್ಲ. ಬೆಳಗ್ಗಿನಿಂದ ಮನೆಯೊಳಗೆ ಕಾಲು ನಿಲ್ಲದೆ ತಿರುಗುತ್ತಿದ್ದ ಗಂಡನನ್ನು ಹಲೀಮಾ ಮಾರ್ಕೆಟಿಗೆ ಅಟ್ಟಿದ್ದರು. ಅವರು ಬಂಗುಡೆ ತಂದರು. ಹತ್ತು ನಿಮಿಷ ಕೂತು ಮತ್ತೆ ಹೋಗಿ ಮತ್ತೊಮ್ಮೆ ಬಂಗುಡೆ ತಂದರು. ಎರಡನೇ ಚೀಲ ಕೈಯಲ್ಲಿರುವಾಗಲೇ ಹುಡುಗಿಯರಿಬ್ಬರೂ ಓಡಿ ಬಂದು ಸುದ್ದಿ ಹೇಳಿದ್ದು. ಆ ಮಧ್ಯಾಹ್ನ ಇಡೀ ಬೀದಿಗೆ ಮೀನುಸಾರು.

ಮರುದಿನ ಶೆಟ್ಟರು ಮಾಸ್ಟ್ರನ್ನು ಆಫೀಸಿಗೆ ಕರೆಸಿದರು. "ನಾನೇ ಬರೆದ ಬೈಲಾದಿಂದ ನನ್ನನ್ನು ಸೋಲಿಸಿದ್ರಲ್ಲ ಮಾರಾಯ್ರೆ" ಎಂದರು. ಮತ್ತೆ, ಅಷ್ಟು ಶಿಸ್ತಿನ ಸಭೆಯನ್ನು ತಾನು ಕಂಡಿಲ್ಲ, ಪ್ರಯೋಗಾಲಯಕ್ಕೆ ಹಿತ್ತಿಲಿನ ಜಾಗದಲ್ಲಿ ಬೇರೆ ಕೋಣೆ ಕಟ್ಟಿಸುತ್ತೇನೆ ಎಂದರು. ಕಟ್ಟಿಸಿಯೂ ಕಟ್ಟಿಸಿದರು.

ಆ ಚಳಿಗಾಲದಲ್ಲಿ ಸಾರಮ್ಮ ಹತ್ತು ಮಂದಿಯನ್ನು ಕಟ್ಟಿಕೊಂಡು ಮಾಸ್ಟ್ರ ಮನೆಗೆ ಬಂದರು. ಮಕ್ಕಳ ಕೈಯಲ್ಲಿ ಎಷ್ಟು ದಿನ ಓದಿಸಿಕೊಳ್ಳುವುದು, ನಮಗೇ ಕಲಿಸಿ ಎಂದರು. ಕೆಲಸಕ್ಕೆ ಹೋಗುವ ಮುಂಚೆ ಮಾತ್ರ ಸಮಯ. ಹಾಗೆ ಅರುವತ್ತರ ಜನವರಿಯಲ್ಲಿ ಶುರುವಾದದ್ದು ಈ ಬೆಳಗಿನ ತರಗತಿ. ಶೆಟ್ಟರು ಬೀಗದ ಕೈ ಕೊಟ್ಟರು. ಇಷ್ಟರವರೆಗೆ ನೂರ ಅರುವತ್ತಕ್ಕೂ ಹೆಚ್ಚು ಹೆಂಗಸರು ಇಲ್ಲಿ ಅಕ್ಷರ ಕಲಿತಿದ್ದಾರೆ, ಕಾಗದ ಓದಲು ಕಲಿತಿದ್ದಾರೆ. ಸಾರಮ್ಮನಿಗೆ ಹೆಸರು ಬರೆಯಲು ಬಂದದ್ದು ನಾಲ್ಕು ತಿಂಗಳಿಗೆ. ಮೂರನೇ ವರ್ಷ ಪೋಷಕರು ಅವರನ್ನು ಆಡಳಿತ ಸಮಿತಿಗೇ ಆರಿಸಿ ಕಳಿಸಿದರು. ಏಳು ಜನರ ಸಮಿತಿಯಲ್ಲಿ ಶೆಟ್ಟರ ಎದುರಿನ ಕುರ್ಚಿ ಅವರದು. ಈಗಲೂ ಮನೆಯಲ್ಲಿ ಬೀಡಿ ಕಟ್ಟುತ್ತಾರೆ.

ಬೆನಿಟಾ ಒಂದು ಬ್ಯಾಂಕಿನಲ್ಲಿದ್ದಾಳೆ. ನಾಝಿಮಾ ಬಿ.ಕಾಂ. ಮುಗಿಸಿ, ಈ ವರ್ಷ ಬಿ.ಎಡ್. ಕೂಡ ಮಾಡಿದಳು. ವಿದ್ಯಾಸಂಘದವರು ಬಜಪೆಯಲ್ಲಿ ತೆರೆದ ಹೊಸ ಪ್ರೌಢಶಾಲೆಗೆ ಕಳೆದ ಜೂನ್‌ನಲ್ಲಿ ವಾಣಿಜ್ಯದ ಅಧ್ಯಾಪಕರು ಬೇಕಾದರು. ಅರ್ಜಿ ಹಾಕಿದ ಮೂವರಲ್ಲಿ ಅವಳೂ ಒಬ್ಬಳು. ಆರಿಸುವವರು ಆಡಳಿತ ಸಮಿತಿಯವರು. ಸಮಿತಿ ಮಾಸ್ಟ್ರನ್ನು ಒಳಗೆ ಕರೆದು, ಮೂವರ ಬಗ್ಗೆಯೂ ಅಭಿಪ್ರಾಯ ಕೇಳಿ, ಹೊರಗೆ ಕೂರಲು ಹೇಳಿತು.

ಅವರು ಜಗಲಿಯ ಬೆಂಚಿನಲ್ಲಿ ಕೂತು ಒಂದು ನಿಮಿಷ ಆಗಿರಬೇಕು. ಬಾಗಿಲು ಮತ್ತೆ ತೆರೆಯಿತು. ಸಾರಮ್ಮ ಹೊರಗೆ ಬಂದರು. ಮಾಸ್ಟ್ರಿಗೆ ಗಾಬರಿಯಾಯಿತು, ಒಳಗೆ ಏನಾದರೂ ಮಾತು ಬಂತೇ ಎಂದು ಕೇಳಿದರು.

"ಎಂತ ಇಲ್ಲ ಮಾಸ್ಟ್ರೇ. ನನ್ನ ಮಗಳ ವಿಷಯ ಅಲ್ವಾ? ನಾನು ಅಲ್ಲಿ ಕೂತ್ರೆ ಅವರಿಗೆ ಮಾತಾಡ್ಲಿಕ್ಕೆ ಆಗುದಿಲ್ಲ. ಎದ್ದು ಬಂದೆ."

ಹೊರಗೆ ಹೋಗಿ ಎಂದು ಯಾರೂ ಹೇಳಿರಲಿಲ್ಲ. ಬೈಲಾದಲ್ಲಿ ಹಾಗೊಂದು ಕಲಂ ಕೂಡ ಇಲ್ಲ. ಬೆಂಚಿನ ಆ ತುದಿಯಲ್ಲಿ ಸಾರಮ್ಮ, ಈ ತುದಿಯಲ್ಲಿ ಮಾಸ್ಟ್ರು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದರು. ಆಮೇಲೆ ಶೆಟ್ಟರೇ ಎದ್ದು ಬಂದು, ಆರೂ ಮಂದಿ ಒಪ್ಪಿ ನಾಝಿಮಾಳನ್ನು ಆರಿಸಿದ್ದೇವೆ ಎಂದು ಹೇಳಿದರು. ಸಾರಮ್ಮ ತಲೆವಸ್ತ್ರದ ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ವಿಷಯಕ್ಕೆ ಒಳಗೆ ಹೋದರು.

ನಾಝಿಮಾ ಈಗ ಬೆಳಗ್ಗಿನ ಬಸ್ಸಿನಲ್ಲಿ ಬಜಪೆಗೆ ಹೋಗುತ್ತಾಳೆ. ಅವಳ ತರಗತಿಯಲ್ಲಿ ಮೊದಲ ವರ್ಷವೇ ಮೂವತ್ತೊಂದು ಮಕ್ಕಳು. ಈ ಎಲ್ಲದರಲ್ಲಿ ನಿಮಗೆ ಹೆಚ್ಚು ಸಂತೋಷ ಕೊಟ್ಟದ್ದು ಯಾವುದು, ಆ ಎಂಬತ್ತಮೂರು ಕೈಗಳೇ, ಶಿಷ್ಯೆಗೆ ಸಿಕ್ಕಿದ ಕೆಲಸವೇ ಎಂದು ಕೇಳಿದಾಗ ಕಮರುದ್ದೀನ್ ಮಾಸ್ಟ್ರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೋಟಿನ ಜೇಬಿಗೆ ಹಾಕುತ್ತಾರೆ.

"ಎರಡೂ ಅಲ್ಲ. ಸಾರಮ್ಮ ಎದ್ದು ಹೊರಗೆ ಬಂದ್ರಲ್ಲ, ಅದು. ಅದನ್ನು ನಾನು ಅವರಿಗೆ ಕಲಿಸಿರ್ಲಿಲ್ಲ."