ತಣ್ಣೀರಿನ ಚೀಲ ಹೊತ್ತು ಸೇಡಂನಿಂದ ಚಿಂಚೋಳಿಗೆ

ಮೇ ತಿಂಗಳ ಬೆಳಗಿನ ಪ್ಯಾಸೆಂಜರ್ ರೈಲಿಗೆ ಸೇಡಂ ಸ್ಟೇಷನ್ನಿನಲ್ಲಿ ನಾವಿಬ್ಬರೇ ಹೆಂಗಸರು ಎರಡು ದೊಡ್ಡ ಗಂಟು ಹೊತ್ತು ನಿಂತಿದ್ದೆವು. ನಾನು ಮತ್ತು ಜರೀನಾ. ಟಿಕೆಟ್ ಒಬ್ಬರಿಗೆ ಹತ್ತು ರೂಪಾಯಿ. ಗಂಟಿನಲ್ಲಿದ್ದದ್ದು ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ತೊಡಿಸುವ ಚೀಲಗಳು. ಒಳಗೆ ಗೋಣಿತಟ್ಟು, ಹೊರಗೆ ದಪ್ಪ ಅರಿವೆ. ಒಮ್ಮೆ ನೀರಿನಲ್ಲಿ ನೆನೆಸಿ ಕ್ಯಾನಿಗೆ ತೊಡಿಸಿದರೆ ಉರಿಬಿಸಿಲಿನಲ್ಲೂ ಒಳಗಿನ ನೀರು ತಣ್ಣಗಿರುತ್ತದೆ. ನಮ್ಮ ಕಡೆ ಮಂದಿ ಕ್ಯಾನಿಗೆ ಒದ್ದೆ ಗೋಣಿ ಸುತ್ತುವುದು ಹೊಸದಲ್ಲ. ಅದನ್ನು ಚಂದ ಹೊಲಿದು ಮಾರಬೇಕೆಂಬುದು ಜರೀನಾಳ ವಿಚಾರ.

ಜರೀನಾ ನಮ್ಮ ಓಣಿಯವಳು. ಇಬ್ಬರೂ ಮೊದಲು ಕುಬಸ ಹೊಲಿಯುತ್ತಿದ್ದೆವು. ಮಂದಿ ರೆಡಿಮೇಡಿಗೆ ಹೊರಳಿದ ಮೇಲೆ ಒಂದು ಖೋಲಿ ಹಿಡಿದು, ಇನ್ನೂ ಮೂವರನ್ನು ಸೇರಿಸಿಕೊಂಡು ಈ ಕೆಲಸ ಹಚ್ಚಿದ್ದೆವು. ಆದರೆ ಅಂಗಡಿಗೆ ಕೊಟ್ಟ ಮಾಲು ಅಂಗಡಿಯಲ್ಲೇ ಉಳಿದಿತ್ತು. ಹೈದರಾಬಾದಿನಲ್ಲಿ ಬಟ್ಟೆ ಕಾರಖಾನೆ ಇಟ್ಟಿದ್ದ ಜರೀನಾಳ ಅಣ್ಣ, “ಇಲ್ಲಿ ಬಾ, ತಿಂಗಳಿಗೆ ಪಗಾರ ಕೊಡ್ತೀನಿ” ಎಂದು ಕರೆಯುತ್ತಿದ್ದ. ಶುಕ್ರವಾರದೊಳಗೆ ಅವನಿಗೆ ಜವಾಬು ಹೇಳಬೇಕಿತ್ತು. ಅವಳು ಹೋದರೆ ಕತ್ತರಿ ಹಿಡಿಯುವವರೇ ಇರಲಿಲ್ಲ. ನಮ್ಮ ಖೋಲಿಗೆ ಬೀಗವೇ ಗತಿ.

ಮಳಖೇಡ ದಾಟುವಾಗ ನಾನು ಅವಳಿಗೆ ರೇಟು ಹೇಳಿದೆ. ಅರಿವೆ, ಗೋಣಿ, ದಾರ ಎಲ್ಲ ಕೂಡಿಸಿ, ಮೇಲೆ ಇಷ್ಟು ಲಾಭ ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ, “ಸುನಂದಾ, ಇದರಾಗ ನಮ್ಮ ಕೈಯಿನ ಕೂಲಿ ಎಲ್ಲಿ ಅದ? ಮಂದೀಗಿ ಹೊಲದು ಕೊಟ್ರ ಕೂಲಿ ತಗೋತೀವಿ. ನಮ್ಮ ಧಂದಾಕ್ಕ ಹೊಲದ್ರ ಪುಕ್ಕಟೇನು?” ಎಂದಳು. ಅಲ್ಲೇ ರೇಟು ತಿದ್ದಿದೆ. ಹೊಸದಾಗಿ ಧಂದೆ ಹಚ್ಚುವ ಹೆಂಗಸರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಚಿತ್ತಾಪುರದ ಬಜಾರಿನಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಹೊಕ್ಕೆವು. ಅಂಗಡಿಯ ಸಾಹುಕಾರರು ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾವು ಅದಕ್ಕೆ ಅಂಚಿನಲ್ಲಿ ಲೇಸು, ಬಾಯಿಗೆ ಜಿಪ್ಪು ಹಚ್ಚಿದ್ದೆವು.

“ಚಂದ ಅದ್ರಿ. ಆದ್ರ ಇದು ಏನಂತ ಗಿರಾಕಿಗೆ ತಿಳಿಯಂಗಿಲ್ಲ. ಇಟ್ಟು ಹೋಗ್ರಿ, ಮಾರಿದ್ರ ರೊಕ್ಕ ಕೊಡ್ತೀನಿ.”

ಹಾಗೆ ಇಟ್ಟ ಮಾಲಿನ ಗತಿ ನಮಗೆ ಗೊತ್ತಿತ್ತು. ಬೇಡವೆಂದು ಗಂಟು ಕಟ್ಟುತ್ತಿರುವಾಗ ಅವರೇ ಕರೆದು ಒಂದು ಮಾತು ಹೇಳಿದರು. “ಅಕ್ಕೋರೆ, ನಾ ದಿನಾ ಫ್ಯಾನಿನ ಕೆಳಗ ಕೂಡಾವ. ಬಿಸಿಲಾಗ ನಿಂತವರ ಬಲ್ಲಿ ಹೋಗ್ರಿ.”

ಮಾಲು ಕೊಳ್ಳದಿದ್ದರೂ ಅವರು ಕೊಟ್ಟ ಆ ಮಾತು ನಮ್ಮ ಹಾದಿಯನ್ನೇ ಬದಲಿಸಿತು. ಚಹಾ ಕುಡಿದು ವಾಡಿಯ ಬಸ್ಸು ಹತ್ತಿದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಗಂಟುಗಳನ್ನು ನೋಡಿ ಕಂಡಕ್ಟರ್ ಮುಖ ಗಂಟಿಕ್ಕಿದರೂ ಒಳಗೆ ಬಿಟ್ಟರು.

ವಾಡಿಯಲ್ಲಿ ಬಿಸಿಲಿಗೆ ಹಳಿಗಳೇ ಬಿಳಿ ಕಾಣುತ್ತಿದ್ದವು. ಹಳಿ ದುರಸ್ತಿಯ ಆಳುಗಳು ಸ್ಟೇಷನ್ನಿನ ಹೊರಗೆ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಜರೀನಾ ಚೀಲ ತೊಡಿಸಿ ತಂದಿದ್ದ ನಮ್ಮ ಕ್ಯಾನಿನ ನೀರನ್ನು ಅವರಿಗೆ ಬಗ್ಗಿಸಿ ಕೊಟ್ಟಳು. ಮಲ್ಲಪ್ಪ ಎನ್ನುವ ಹಿರಿಯರು ಕುಡಿದು, “ಏ, ಭಾಳ ತಣ್ಣಗದಲ್ಲ!” ಎಂದು ಇನ್ನೊಮ್ಮೆ ಕೈ ಚಾಚಿದರು. ನಮ್ಮ ಮುಖ ಅರಳಿತು. ಆದರೆ ಚೀಲವನ್ನು ಕೈಯಲ್ಲಿ ಹಿಡಿದ ಮೇಲೆ ಅವರು ನಕ್ಕರು.

“ತಂಗಿ, ಕೈಯಾಗ ಹಾರಿ, ಸುತ್ತಿಗಿ ಇರ್ತಾವ. ಇದನ್ನ ಎಲ್ಲಿ ಹಿಡ್ಕೋಬೇಕು? ಹೆಗಲಿಗಿ ಹಾಕ್ಕೊಳ್ಳಂಗ ಅಗಲ ಪಟ್ಟಿ ಬೇಕು. ಮತ್ತ ಈ ಜಿಪ್ಪು ನೀರಿಗಿ ಜಂಗ್ ಹಿಡೀತದ.”

“ಲೇಸು?” ಎಂದು ಕೇಳಿದೆ.

“ಲೇಸು ನಿಮ್ಮ ಮಗಳ ಲಂಗಾಕ್ಕ ಹಚ್ರಿ.”

ಎಲ್ಲರೂ ನಕ್ಕರು, ನಾವೂ ನಕ್ಕೆವು. ನಗುವಾಗ ನನಗೆ ಒಳಗೊಳಗೆ ಚುರ್ ಎಂದದ್ದು ನಿಜ. ಆ ಲೇಸು ನನ್ನ ಆಯ್ಕೆ. ಆದರೆ ಜರೀನಾ ಆಗಲೇ ಮಲ್ಲಪ್ಪನವರ ಹೆಗಲಿನ ಅಳತೆ ಹಿಡಿಯುತ್ತಿದ್ದಳು.

ವಾಡಿಯಲ್ಲಿ ಅವಳ ಖಾಲಾ, ಅಂದರೆ ತಾಯಿಯ ತಂಗಿಯ ಮನೆಯಿತ್ತು. ಆ ಮನೆಯಲ್ಲೊಂದು ಹಳೆಯ ಹೊಲಿಗೆ ಮಷೀನು. ಸಂಜೆಯೆಲ್ಲ ನಾನು ಲೇಸು, ಜಿಪ್ಪು ಬಿಚ್ಚಿದೆ. ಜರೀನಾ ಬಜಾರಿನಿಂದ ತಂದ ನೀಲಿ ಅರಿವೆಯಲ್ಲಿ ಅಗಲ ಪಟ್ಟಿ ಹೊಲಿದು, ಬಾಯಿಗೆ ಎಳೆದು ಕಟ್ಟುವ ಲಾಡಿ ಹಾಕಿದಳು. ಖಾಲಾ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತ, “ಹೈದರಾಬಾದಿಗೆ ಯಾವಾಗ ಹೊಂಟಿ?” ಎಂದು ಕೇಳಿದರು. ಜರೀನಾ ತಲೆಯೆತ್ತದೆ, “ಗೊತ್ತಿಲ್ಲ ಖಾಲಾ” ಎಂದಳು. ನಾನು ತಟ್ಟೆ ಸರಿಸಿ ಮುಂದಿನ ಚೀಲದ ಲೇಸು ಬಿಚ್ಚತೊಡಗಿದೆ.

ಮರುದಿನ ಬೆಳಿಗ್ಗೆ ಶಹಾಬಾದ್. ಊರು ಹತ್ತಿರವಾದಂತೆ ರಸ್ತೆಯ ಎರಡೂ ಬದಿ ನೆಲಕ್ಕೆ ಹಾಸುವ ಫರ್ಸಿ ಕಲ್ಲುಗಳು ರೊಟ್ಟಿಯಂತೆ ಒಂದರ ಮೇಲೊಂದು ಒರಗಿದ್ದವು. ಒಂದು ಕಲ್ಲಿನ ಖಣಿಯ ಮಾಲಕರು, ಶರಣಪ್ಪ ಎಂದು ಹೆಸರು, ಮಾತು ಕೇಳುವ ಮೊದಲೇ ಕೈಯಾಡಿಸಿದರು. “ಇಲ್ಲಿ ಮಣ್ಣಿನ ಹರವಿ ಅದಾವ, ಬಾಯಾರೆ. ನಿಮ್ಮ ಚೀಲ ಯಾಕ ಬೇಕು?”

ಹರವಿ ಇದ್ದದ್ದು ಆಫೀಸಿನ ಬಾಗಿಲಲ್ಲಿ. ಆಳುಗಳು ಇದ್ದದ್ದು ಕೆಳಗೆ ಖಣಿಯಲ್ಲಿ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. “ಮಾತು ಬ್ಯಾಡ್ರಿ ಸಾಹುಕಾರ್ರೆ. ನಿಮ್ಮ ಎರಡು ಕ್ಯಾನ್ ಕೊಡ್ರಿ. ಒಂದೇ ನಳದ ನೀರು ತುಂಬಿ ಎರಡೂ ಖಣ್ಯಾಗ ಇಡೋಣ. ಊಟದ ಹೊತ್ತಿಗಿ ನೀವೇ ಕುಡದು ನೋಡ್ರಿ” ಎಂದೆ. ಅವರಿಗೆ ಆಟ ಹಿಡಿಸಿತು, ಹೂಂ ಎಂದರು.

ಒಂದು ಕ್ಯಾನಿಗೆ ಚೀಲ ತೊಡಿಸಿದೆವು, ಇನ್ನೊಂದು ಹಾಗೇ ಬರಿ. ಎರಡನ್ನೂ ಖಣಿಯೊಳಗೆ ಒಂದೇ ಬಂಡೆಯ ಮೇಲೆ ಇಟ್ಟು ಬಂದೆವು. ಅಲ್ಲಿಂದ ಊಟದ ಹೊತ್ತಿನವರೆಗೆ ಕಾದ ಕಾಯುವಿಕೆ ಹೇಳತೀರದು. ಗಾಳಿ ಬೀಸಿದರೆ ಒಲೆಯ ಬಾಯಿಯ ಝಳ. ಚೀಲ ಒಣಗಿಬಿಟ್ಟರೆ ಎಂದು ನಾನು, ಕಲ್ಲಿಗೆ ತಾಗಿ ಹರಿದರೆ ಎಂದು ಅವಳು.

ಕೆಲಸ ನಿಂತಿತು. ಹೆಂಗಸೊಬ್ಬಳು ಬರಿ ಕ್ಯಾನಿನ ನೀರು ಬಾಯಿಗೆ ಹಾಕಿ ಉಗುಳಿದಳು. ಬಳಿಕ ಚೀಲದ ಕ್ಯಾನಿನ ನೀರು ಬಗ್ಗಿಸಿಕೊಂಡು ಕುಡಿದವಳೇ ಹಿಂದೆ ತಿರುಗಿ, “ಏ, ಇಲ್ಲಿ ಬರ್ರಿ! ಇದು ಯಾವ ಬಾವಿ ನೀರು?” ಎಂದು ಕೂಗಿದಳು. ಒಬ್ಬೊಬ್ಬರಾಗಿ ಎಲ್ಲರೂ ಅದಕ್ಕೇ ಮುಗಿಬಿದ್ದರು. ಶರಣಪ್ಪನವರ ಸರದಿ ಬರುವ ಹೊತ್ತಿಗೆ ಕ್ಯಾನಿನ ತಳ ಕಾಣುತ್ತಿತ್ತು. ಅವರು ಉಳಿದ ಗುಟುಕು ಕುಡಿದು, ಬಾಯಿ ಒರೆಸಿಕೊಂಡು, “ಎಷ್ಟಕ್ಕ ಕೊಡ್ತೀರಿ?” ಎಂದು ಕೇಳಿದರು.

ಕೂಲಿ ಸೇರಿಸಿದ ರೇಟನ್ನು ನಡುಗದೆ ಹೇಳಿದೆ. ಅವರು ಚೌಕಾಶಿ ಮಾಡಿದರು, ನಾವು ಬಗ್ಗಲಿಲ್ಲ. ಉದ್ರಿ ಕೇಳಿದರು. “ಅರ್ಧ ಅಡ್ವಾನ್ಸ್ ಕೊಟ್ರ ಈ ವಾರನೇ ಕತ್ರಿ ಹಿಡೀತೀವ್ರಿ” ಎಂದಳು ಜರೀನಾ. ಆರ್ಡರು ಬಂತು, ಅಡ್ವಾನ್ಸೂ ಬಂತು. ಅಷ್ಟೇ ಅಲ್ಲ, ಚಿಂಚೋಳಿಯಲ್ಲಿ ರಸ್ತೆ ಗುತ್ತಿಗೆ ಮಾಡುತ್ತಿದ್ದ ತಮ್ಮ ಅಳಿಯ ಜಗನ್ನಾಥರಿಗೆ ಅವರೇ ಫೋನು ಹಚ್ಚಿ, “ಇಬ್ಬರು ಬಾಯಾರು ಬರ್ತಾರ, ಮೊದಲು ನೀರು ಕುಡಿ, ಆಮ್ಯಾಲ ಮಾತಾಡು” ಎಂದರು.

ಆ ರಾತ್ರಿಗೆ ಸೇಡಂ ಸೇರಿ, ಬೆಳಿಗ್ಗೆ ಮತ್ತೆ ಬಸ್ಸು. ಚಿಂಚೋಳಿ ದಾರಿಯಲ್ಲಿ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ, ದೂರದಲ್ಲಿ ಗುಡ್ಡ ಕಾಣುತ್ತದೆ, ಬಸ್ಸಿನೊಳಗಿನ ಮಾತಿನಲ್ಲಿ ತೆಲುಗು ಬೆರೆಯುತ್ತದೆ.

ಜಗನ್ನಾಥರು ನೀರು ಕುಡಿದರು. “ಇನ್ನೂರು ಬೇಕು. ಸೋಮವಾರದೊಳಗ” ಎಂದರು.

ಇನ್ನೂರು! ನನ್ನ ಬಾಯಿಗೆ ‘ಆಗ್ಲಿರಿ’ ಬಂದೇಬಿಟ್ಟಿತ್ತು. ಜರೀನಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಐದು ಮಂದಿ ಹಗಲೆಲ್ಲ ಮಷೀನು ತುಳಿದರೂ ಅಷ್ಟಾಗದು. ಶರಣಪ್ಪನವರದ್ದು ಬೇರೆ ಇತ್ತು. “ಸೋಮವಾರಕ್ಕ ಐವತ್ತು ಕೊಡ್ತೀವ್ರಿ. ಉಳಿದದ್ದು ವಾರಕ್ಕಿಷ್ಟು. ಸುಳ್ಳು ಹೇಳಿ ಅಡ್ವಾನ್ಸ್ ತಗೊಳ್ಳಂಗಿಲ್ಲ” ಎಂದಳು.

ಅವರು ಕ್ಯಾನಿನಿಂದ ಇನ್ನೊಂದು ಗುಟುಕು ಕುಡಿದರು. ಆಮೇಲೆ, “ಹೂಂ ಅಂದು ಕೈ ಕೊಡಾವರ್ನ ಭಾಳ ಮಂದಿ ನೋಡೀನಿ. ಹಂಗೇ ಮಾಡ್ರಿ” ಎಂದರು. ನಮ್ಮ ಗಂಟಿನಲ್ಲಿ ಉಳಿದ ಚೀಲಗಳನ್ನು ಅಲ್ಲೇ ರೊಕ್ಕ ಕೊಟ್ಟು ಕೊಂಡು, ಜೀಪಿನಲ್ಲಿ ಕೆಲಸದ ಜಾಗಕ್ಕೆ ಕಳಿಸಿಯೂಬಿಟ್ಟರು.

ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ಜರೀನಾ ಅಣ್ಣನಿಗೆ ಫೋನು ಮಾಡಿದಳು. “ಭಾಯ್, ನಾ ಬರಂಗಿಲ್ಲ” ಎಂದು ಅವರ ಭಾಷೆಯಲ್ಲಿ ಹೇಳಿ, ಅವನ ಮಾತನ್ನು ಕೇಳಿಸಿಕೊಂಡು, “ನಿನ್ನ ಬಲ್ಲಿ ಯಾರರೆ ಹೊಲಿಯೋರು ಖಾಲಿ ಇದ್ರ ಈ ಕಡಿ ಕಳಸು. ಪಗಾರ ನಾ ಕೊಡ್ತೀನಿ” ಎಂದಳು. ಫೋನು ಇಟ್ಟವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ನಾನಂತೂ ಎರಡನ್ನೂ ಮಾಡಿದೆ. ಬಿಸಿ ಮಿರ್ಚಿ ಭಜಿ ಕೊಂಡು ಹೊಟ್ಟೆ ತುಂಬ ತಿಂದೆವು.

ಗಂಟಿಲ್ಲದೆ ಬರಿಗೈಯಲ್ಲಿ ಸೇಡಂ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಬಸ್ಸು ನಿಧಾನವಾಯಿತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಎರಡೂ ಕೈಯಿಂದ ಬುಟ್ಟಿ ಹಿಡಿದಿದ್ದಳು. ಹೆಗಲಿನಿಂದ ನೀಲಿ ಪಟ್ಟಿಯ ಚೀಲ ಇಳಿಬಿದ್ದಿತ್ತು. ಬುಟ್ಟಿ ಸುರಿದು ಬಂದು ಅವಳು ಕ್ಯಾನಿನ ಮುಚ್ಚಳ ತೆಗೆದು, ತಲೆ ಹಿಂದಕ್ಕೆ ಬಗ್ಗಿಸಿ, ಕಣ್ಣು ಮುಚ್ಚಿ ಕುಡಿದಳು.

“ನಮ್ದು!” ಎಂದು ಜರೀನಾ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು. “ಸುನಂದಾ, ನೋಡು, ನಮ್ದು!”

ಮಂದಿಯೆಲ್ಲ ತಿರುಗಿ ನೋಡಿದರು. ನಾವಿಬ್ಬರೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ, ರಸ್ತೆ ತಿರುಗಿ ಆ ಹೆಂಗಸು ಮರೆಯಾಗುವವರೆಗೆ ಹಿಂದಕ್ಕೇ ನೋಡುತ್ತಿದ್ದೆವು.