ಚಂದ್ರನ ಮನೆ ಕೂಡಿಸುವ ಪ್ಲಾಸ್ಟರಕ್ಕ

ಬೆಳಕು ಹರಿಯುವ ಹೊತ್ತು. ಸೈಕಲ್ ಅಂಗಡಿಯ ಮೇಲೆ, ಮಕ್ಕಳ ಸ್ಪರ್ಧೆ ನಡೆಯುವ ಕೋಣೆಯಲ್ಲಿ ಪ್ಲಾಸ್ಟರಕ್ಕ ನೆಲದ ಮೇಲೆ ಕೂತು ರಟ್ಟಿನ ಡಬ್ಬವೊಂದನ್ನು ಬಿಚ್ಚುತ್ತಿದ್ದಾರೆ. ಒಳಗೆ ಚಂದ್ರನ ಮೇಲೆ ಕಟ್ಟಬೇಕಾದ ಮನೆಯೊಂದರ ಮಾದರಿ ಇದೆ. ಇದೆ ಎನ್ನುವುದಕ್ಕಿಂತ ಇತ್ತು ಎನ್ನಬೇಕು. ಬಸ್ಸಿನಲ್ಲಿ ಬಂದ ಡಬ್ಬ ಎಲ್ಲೋ ಏಟು ತಿಂದು, ಮಣ್ಣಿನ ಗುಮ್ಮಟ ಚೂರುಚೂರಾಗಿದೆ. "ಅಯ್ಯೋ ಮಗು, ಎಷ್ಟು ದಿನ ಕೂತು ಮಾಡಿದ್ಯೋ ಏನೋ!" ಎನ್ನುತ್ತಾ ಚೂರುಗಳನ್ನು ಹಳೆಯ ಟವೆಲಿನ ಮೇಲೆ ಹರಡುತ್ತಾರೆ. ತೀರ್ಪುಗಾರರು ಹತ್ತು ಗಂಟೆಗೆ ಬರುತ್ತಾರೆ. ಎದ್ದು ನಿಲ್ಲದ ಮಾದರಿ ಸ್ಪರ್ಧೆಯಿಂದ ಹೊರಗೆ ಎಂಬುದು ನಿಯಮ.

ಇವರ ಹೊಟ್ಟೆಪಾಡು ಆಸ್ಪತ್ರೆಯಲ್ಲಿ, ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವುದು. ಹೆಸರು ಬಂದದ್ದೂ ಅಲ್ಲಿಂದಲೇ. ಮಿಕ್ಕ ಹೊತ್ತೆಲ್ಲ ಒಂದು ಸೇವಾ ಸಂಸ್ಥೆ ನಡೆಸುವ ಮಕ್ಕಳ ಬಾಹ್ಯಾಕಾಶ ಸ್ಪರ್ಧೆಗೆ ಮೀಸಲು. ಎಂಟು ವರ್ಷದ ಹಿಂದೆ ಕೈ ಮುರಿದುಕೊಂಡ ಹುಡುಗಿಯೊಬ್ಬಳು ನೋವಿಗಲ್ಲ, ತನ್ನ ರಾಕೆಟ್ ಸ್ಪರ್ಧೆಗೆ ತಲುಪುವುದಿಲ್ಲವೆಂದು ಅತ್ತಳಂತೆ. ಅದನ್ನು ತಲುಪಿಸಲು ಬಂದ ಪ್ಲಾಸ್ಟರಕ್ಕ, ಇಲ್ಲಿ ಡಬ್ಬ ಬಿಚ್ಚುವವರೂ ಇಲ್ಲದ್ದನ್ನು ಕಂಡು ತೋಳೇರಿಸಿ ಕೆಲಸಕ್ಕೆ ಕೂತುಬಿಟ್ಟರು. ಈಗ ಶಾಲೆಗಳಿಗೆ ನಿಯಮ ಕಳಿಸುವುದರಿಂದ ಹಿಡಿದು, ಬಹುಮಾನ ಬರಲಿಲ್ಲವೆಂದು ಹಾರಾಡುವ ಅಪ್ಪಂದಿರನ್ನು ತಣ್ಣಗಾಗಿಸುವವರೆಗೆ ಎಲ್ಲವೂ ಇವರ ತಲೆ ಮೇಲೆ.

"ನಮ್ಮನೆಯವರು ನನ್ನನ್ನ ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ," ಎಂದು ನಗುತ್ತಾರೆ. "ಆದ್ರೆ ಸ್ಪರ್ಧೆ ದಿನ ಡಬ್ಬ ಹೊರೋಕೆ ಮೊದಲು ಬರೋರು ಅವರೇ!"

ದಾರಿಯಲ್ಲಿ ಒಡೆದದ್ದನ್ನು ಕೂಡಿಸಲು ಇವರದೇ ಒಂದು ಪದ್ಧತಿಯಿದೆ. ಮಗುವಿಗೆ ಫೋನ್ ಮಾಡಬೇಕು. ಅದು ಹೇಳಿದ ಹಾಗೆ, ಹೇಳಿದಷ್ಟೇ ಅಂಟಿಸಬೇಕು. "ಕೈ ನಂದು, ಬುದ್ಧಿ ಅವರದು. ನನ್ನ ಬುದ್ಧಿ ಸೇರಿಸಿದ್ರೆ ಅದು ನನ್ನ ಮನೆ ಆಗೋಯ್ತಲ್ಲ!"

ಇವತ್ತು ಫೋನ್ ಎತ್ತುವವರಿಲ್ಲ. ಒಂಬತ್ತೂವರೆಗೆ ಸಂಸ್ಥೆಯ ಕಾರ್ಯದರ್ಶಿ ತಲೆ ಹಾಕುತ್ತಾರೆ. "ನೀವೇ ಅಂಟಿಸಿಬಿಡಿ ಅಕ್ಕ. ಪಾಪ, ಮಗೂದು ಹೊರಗೆ ಹೋಗುತ್ತೆ."

ಪ್ಲಾಸ್ಟರಕ್ಕ ಚೂರುಗಳ ನಡುವಿನಿಂದ ಪುಟ್ಟ ಏಣಿಯೊಂದನ್ನು ಎತ್ತಿ ತೋರಿಸುತ್ತಾರೆ: "ಈ ಏಣಿ ಮನೆ ಒಳಗಿತ್ತೋ ಹೊರಗಿತ್ತೋ ಹೇಳಿ ಸಾರ್, ಅಂಟಿಸ್ತೀನಿ."

ಕಾರ್ಯದರ್ಶಿ ಏಣಿಯನ್ನು ನೋಡುತ್ತಾರೆ, ಬಂದ ದಾರಿ ಹಿಡಿಯುತ್ತಾರೆ. ಇವರು ಮತ್ತೆ ನಂಬರ್ ಒತ್ತುತ್ತಾರೆ. ಹಿಡಿದರೆ ಉಡದ ಪಟ್ಟು. ಹತ್ತಕ್ಕೆ ಇನ್ನೇನು ಹತ್ತು ನಿಮಿಷ ಎನ್ನುವಾಗ ಫೋನ್ ಎತ್ತಿದವಳು ಈ ಮಾದರಿ ಮಾಡಿದ ಹುಡುಗಿಯೇ. ಒಡೆದ ಸುದ್ದಿ ಕೇಳಿ ಬಿಕ್ಕುತ್ತಾಳೆ. ಆಮೇಲೆ ಮೂಗೊರೆಸಿಕೊಂಡು, "ಎಲ್ಲಿಂದ ಬಿರುಕು ಬಿಟ್ಟಿದೆ ಆಂಟಿ?" ಎನ್ನುತ್ತಾಳೆ.

"ಬಾಗಿಲ ಹತ್ತಿರ ಪುಟ್ಟಿ. ಅಲ್ಲಿಂದ ಮೇಲಕ್ಕೆ ಹೋಗಿದೆ."

"ಹಾಗಾದ್ರೆ ಅಂಟಿಸಬೇಡಿ. ಅಲ್ಲಿ ಗೋಡೆ ತೆಳ್ಳಗಾಗಿತ್ತು. ಬಸ್ಸಲ್ಲೇ ಒಡೆದೋಯ್ತು ಅಂದ್ರೆ, ಚಂದ್ರನ ಮೇಲೆ ಕಲ್ಲು ಬಂದು ಬಡಿದಾಗ ಒಳಗಿರೋರ ಗತಿ ಏನು? ಇದ್ದ ಹಾಗೇ ಇಡಿ. ಯಾಕೆ ಒಡೀತು ಅಂತ ನಾನೇ ಅವರಿಗೆ ಹೇಳ್ತೀನಿ."

ಪ್ಲಾಸ್ಟರಕ್ಕ ಟವೆಲನ್ನು ಚೂರುಗಳ ಸಮೇತ ಎತ್ತಿ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಫೋನ್ ಇಡುತ್ತಾರೆ. ನಿಯಮ ನೆನಪಿಸಲು ಓಡಿಬಂದ ಕಾರ್ಯದರ್ಶಿಗೆ ಅಡ್ಡ ನಿಲ್ಲುತ್ತಾರೆ: "ಅವಳ ಮಾತು ಕೇಳಿ, ಆಮೇಲೆ ಬೇಕಾದ್ರೆ ಹೊರಗೆ ಹಾಕಿ. ಕೇಳದೆ ಹಾಕೋಕೆ ನಾನಂತೂ ಬಿಡಲ್ಲ."

ತೀರ್ಪುಗಾರರು ಕೇಳುತ್ತಾರೆ. ಮಿಕ್ಕ ಮೇಜುಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಇಲ್ಲಿ ನಿಂತು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ. ಮಾದರಿ ಸ್ಪರ್ಧೆಯಲ್ಲಿ ಉಳಿಯುತ್ತದೆ. ಬಹುಮಾನ ಮಾತ್ರ ಬರುವುದಿಲ್ಲ. ಸುದ್ದಿ ಮುಟ್ಟಿಸಲು ಪ್ಲಾಸ್ಟರಕ್ಕ ಹಿಂಜರಿಯುತ್ತಲೇ ಮತ್ತೆ ಫೋನ್ ಮಾಡಿದರೆ, ಹುಡುಗಿ ಆಗಲೇ ಹೊಸ ಮಣ್ಣು ಕಲಸುತ್ತಿದ್ದಾಳೆ!

ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿಯುತ್ತಾ ಹೇಳುತ್ತಾರೆ: "ನಂಗೆ ಒಂದೇ ಆಸೆ. ಮುಂದಿನ ವರ್ಷ ಅವಳ ಡಬ್ಬ ಬಿಚ್ಚಿದಾಗ ನನಗೆ ಮಾಡೋಕೆ ಏನೂ ಕೆಲಸ ಇರಬಾರದು."