ತುಳಜಮ್ಮ ಕಾಕಿಯ ಹೊರಗಿನ ಡಿಪಾರ್ಟ್‌ಮೆಂಟು

ಬಲ್ಬು ಹತ್ತಿದರೆ ತುಳಜಮ್ಮ ಕಾಕಿ ಕೈ ಮುಗಿಯುತ್ತಿದ್ದಳು. ಸಂಜೆ ಮನೆಯಲ್ಲಿ ದೀಪ ಹಚ್ಚಿದಾಗ ಯಾರಾದರೂ ಮುಗಿಯುತ್ತಾರೆ, ಅದರಲ್ಲೇನು ವಿಶೇಷ ಎನ್ನಬಹುದು. ಕಾಕಿ ಮುಗಿಯುತ್ತಿದ್ದದ್ದು ಐಟಿಐ ವರ್ಕ್‌ಶಾಪಿನಲ್ಲಿ. ಅಲ್ಲಿ ಎಲೆಕ್ಟ್ರಿಶಿಯನ್ ಟ್ರೇಡಿನ ನಾವೆಲ್ಲ ನಮ್ಮ ನಮ್ಮ ಬೋರ್ಡು ಸರಿಯಾಗಿದೆಯೇ ಎಂದು ನೋಡಲು ದಿನವಿಡೀ ಬಲ್ಬು ಹಚ್ಚುತ್ತ ಆರಿಸುತ್ತ ಇರುತ್ತಿದ್ದೆವು. ಯಾರ ಬೋರ್ಡಿನ ಬಲ್ಬು ಹತ್ತಿದರೂ ಕಾಕಿ ಕೈಯಲ್ಲಿನ ಇಕ್ಕಳ ಸಮೇತ ಮುಗಿಯುತ್ತಿದ್ದಳು. ನಮಗೆ ಕಲಿಸುತ್ತಿದ್ದ ಪಾಶಾ ಸರ್ ಆಗಷ್ಟೇ ಕೆಲಸಕ್ಕೆ ಸೇರಿದ್ದ ಎಳೆಯ ಮನುಷ್ಯ. ಮೊದಲ ವಾರವೆಲ್ಲ ಈ ಹಿರಿಯ ಹೆಂಗಸು ತಮಗೇ ನಮಸ್ಕಾರ ಮಾಡುತ್ತಿದ್ದಾಳೆಂದು ತಿಳಿದು, ಪ್ರತಿ ಸಲವೂ ನಾಚಿಕೊಂಡು ತಿರುಗಿ ಕೈ ಎತ್ತುತ್ತಿದ್ದರು.

ನಾವು ಕಲಿಯುತ್ತಿದ್ದ ಆ ಖಾಸಗಿ ಐಟಿಐ ಚಿತ್ತಾಪುರದಲ್ಲಿತ್ತು. ನಮ್ಮ ಟ್ರೇಡಿನಲ್ಲಿ ಹುಡುಗರೇ ತುಂಬಿದ್ದರು. ಹೆಣ್ಣುಮಕ್ಕಳೆಂದರೆ ನಾನು ಮತ್ತು ಕಾಕಿ ಇಬ್ಬರೇ. ಚಿಕ್ಕಮ್ಮನ ವಯಸ್ಸಿನವಳೆಂದು ಕ್ಲಾಸೆಲ್ಲ ಅವಳನ್ನು ಕಾಕಿ ಎನ್ನುತ್ತಿತ್ತು. ನನಗೆ ಹದಿನೆಂಟು. ಕಾಕಿಗೆ ಎಷ್ಟೆಂದು ಕೇಳಿದರೆ, "ಆಧಾರ್‌ದಾಗ ಬ್ಯಾರೇನೇ ಅದ, ಮೈಯಾಗ ಬ್ಯಾರೇನೇ ಅದ. ನಿನಗ ಯಾವುದು ಬೇಕು?" ಎನ್ನುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಳು, ಹಾಗಾಗಿ ಐವತ್ತರ ಹತ್ತಿರವಿದ್ದಿರಬೇಕು.

ಅವಳು ಐಟಿಐಗೆ ಸೇರಿದ ಕಥೆಯನ್ನು ಅವಳ ಬಾಯಿಂದಲೇ ಕೇಳಬೇಕಿತ್ತು. ಗುಂಡಗುರ್ತಿಯಿಂದ ಅವಳು ಬಂದದ್ದು ಮಗನನ್ನು ಸೇರಿಸಲಿಕ್ಕೆ. ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮಗ, "ನೀ ಮುಂದ ನಡಿ, ನಾ ಝೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ" ಎಂದು ಹೋದವನು ಸೀದಾ ಕಾಳಗಿಯ ಬಸ್ಸು ಹತ್ತಿ ಗೆಳೆಯನ ಮೊಬೈಲ್ ಅಂಗಡಿಗೆ ಹೋಗಿ ಕುಳಿತ. ಆಫೀಸಿನಲ್ಲಿ ಕಾದು ಕಾದು ಕಾಕಿಗೆ ಸಾಕಾಯಿತು. ಕೊನೆಗೆ ಪ್ರಿನ್ಸಿಪಾಲರು, "ಸೀಟು ಖಾಲಿ ಉಳೀತದಲ್ರಿ ಅಮ್ಮಾರ, ಇನ್ಯಾರಾರೆ ಅದಾರೇನು?" ಎಂದು ಕೇಳಿದರಂತೆ.

"ಏನು ಓದಿರಬೇಕ್ರಿ?" ಎಂದಳು ಕಾಕಿ.

"ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು."

"ನಾ ಪಾಸ್ ಆಗೀನಿ. ಅಂಗನವಾಡಿ ಕೆಲಸ ಬರ್ತದಂತ ಪ್ರೈವೇಟಾಗಿ ಪರೀಕ್ಷಾ ಕಟ್ಟಿದ್ದೆ. ಕೆಲಸ ಬರಲಿಲ್ಲ, ಪಾಸ್ ಅಂತೂ ಆದೆ."

"ವಯಸ್ಸು?"

"ವಯಸ್ಸು ಇಷ್ಟೇ ಇರ್ಬೇಕಂತ ಅದ ಏನು?"

ಪ್ರಿನ್ಸಿಪಾಲರು ನಿಯಮದ ಪುಸ್ತಕ ತೆಗೆದು ನೋಡಿದರು. ಕಡಿಮೆ ವಯಸ್ಸಿನ ಮಿತಿ ಇತ್ತು, ಹೆಚ್ಚಿನದು ಇರಲಿಲ್ಲ. "ಬಸ್ಸು ಹತ್ತಿ ಅಷ್ಟು ದೂರ ಬಂದೀನಿ, ಬರಿಗೈಲಿ ಹ್ಯಾಂಗ ಹೋಗ್ಲಿ ಅಂತ ನನ್ನ ಹೆಸರೇ ಬರೆಸಿ ಬಂದೆ" ಎಂದು ಕಾಕಿ ಸಂತೆಯಲ್ಲಿ ಬದನೆಕಾಯಿ ಸಿಗದೆ ಬೆಂಡೆಕಾಯಿ ತಂದವಳ ಹಾಗೆ ಹೇಳುತ್ತಿದ್ದಳು.

ವರ್ಕ್‌ಶಾಪಿನಲ್ಲಿ ಸೀರೆಗೆ ಅವಕಾಶವಿರಲಿಲ್ಲ. ಸೆರಗು ಡ್ರಿಲ್ಲಿಂಗ್ ಮಿಷನ್ನಿಗೆ ಸಿಕ್ಕರೆ ಕಷ್ಟ ಎಂದು ಪಾಶಾ ಸರ್ ಬಹಳ ಸಂಕೋಚದಿಂದ ಹೇಳಿದರು. ಅವರು ಸಂಕೋಚಪಟ್ಟಷ್ಟು ಕಾಕಿ ಪಡಲಿಲ್ಲ. ಊರಿನ ದರ್ಜಿಯ ಬಳಿ ಖಾಕಿ ಶರ್ಟು, ಖಾಕಿ ಪ್ಯಾಂಟು ಹೊಲಿಸಿದಳು. ಆ ದರ್ಜಿಗೆ ಖಾಕಿ ಎಂದರೆ ಹೋಮ್‌ಗಾರ್ಡಿನ ಬಟ್ಟೆ ಮಾತ್ರ ಗೊತ್ತಿತ್ತು. ಹೆಗಲ ಮೇಲೆ ಪಟ್ಟಿ, ಎದೆಯ ಮೇಲೆ ಎರಡು ದೊಡ್ಡ ಜೇಬು, ಜೇಬಿಗೆ ಹಿತ್ತಾಳೆಯ ಗುಂಡಿ ಎಲ್ಲ ಇಟ್ಟು ಹೊಲಿದುಕೊಟ್ಟ. ಅದನ್ನು ಹಾಕಿಕೊಂಡು, ಹಣೆಯ ತುಂಬ ಕುಂಕುಮವಿಟ್ಟು, ಕಂಕುಳಲ್ಲಿ ಪ್ರಾಕ್ಟಿಕಲ್ ರೆಕಾರ್ಡು ಹಿಡಿದು ಕಾಕಿ ಒಂದು ಬೆಳಿಗ್ಗೆ ರಸ್ತೆಯ ಮಧ್ಯದಲ್ಲೇ ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿದಳು.

ಕಂಡಕ್ಟರ್ ಹೊಸಬ. ಚೆಕಿಂಗ್ ಮೇಡಂ ಹತ್ತಿದರೆಂದು ತಿಳಿದು ಅವನ ಮುಖದ ಬಣ್ಣವೇ ಇಳಿಯಿತು. ಹಿಂದಿನ ಸೀಟಿನವರೆಗೂ ಓಡಿ, ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ ಟಿಕೆಟ್ ಹರಿದ. ಹೆಂಗಸರೆಲ್ಲ ಪುಕ್ಕಟೆ ಟಿಕೆಟ್ಟಿಗೆ ಆಧಾರ್ ಕಾರ್ಡು ಹುಡುಕಲು ಚೀಲ ತಡಕಾಡಿದರು. ಡ್ರೈವರ್ ಪಕ್ಕದ ಸೀಟಿನಲ್ಲಿದ್ದ ಗಂಡಸೊಬ್ಬ ತಾನಾಗಿಯೇ ಎದ್ದು ಜಾಗ ಬಿಟ್ಟುಕೊಟ್ಟ. ಕಾಕಿ ಕುಳಿತು ಸುತ್ತಲೂ ನೋಡಿ, "ಎಲ್ಲಾ ಬರೋಬ್ಬರಿ ಅದ ಏನು?" ಎಂದು ಕೇಳಿದಳು.

"ಅದ ರಿ ಮೇಡಂ."

"ಹಂಗಾರ ನನಗೂ ಒಂದು ಟಿಕೇಟ್ ಕೊಡು."

ಕಂಡಕ್ಟರ್ ಇಂಥ ಪ್ರಾಮಾಣಿಕ ಅಧಿಕಾರಿಯನ್ನು ಕಂಡಿರಲಿಲ್ಲ. ಚಿತ್ತಾಪುರದಲ್ಲಿ ಇಳಿಯುವಾಗ ಟಿಕೆಟ್ಟಿನ ಲೆಕ್ಕ ಬರೆಯುವ ತನ್ನ ವೇಬಿಲ್ಲು ಮುಂದೆ ಹಿಡಿದು ಸಹಿ ಕೇಳಿದ. ಕಾಕಿ ಪೆನ್ನು ತೆಗೆದು, ರೆಕಾರ್ಡಿನಲ್ಲಿ ಹಾಕುವ ಹಾಗೆಯೇ ಅಚ್ಚುಕಟ್ಟಾಗಿ ಬರೆದಳು: 'ತುಳಜಮ್ಮ, ಎಲೆಕ್ಟ್ರಿಶಿಯನ್, ಮೊದಲನೇ ವರ್ಷ.'

ಕ್ಲಾಸಿಗೆ ಬಂದು ನಮಗೆ ಇದನ್ನೆಲ್ಲ ಹೇಳಿದಾಗ ಹುಡುಗರು ಬೆಂಚು ಬಡಿದು ನಕ್ಕರು. ಕಾಕಿ ಮಾತ್ರ ಗಂಭೀರವಾಗಿದ್ದಳು. "ನಾ ಒಂದಾರೆ ಸುಳ್ಳು ಹೇಳೀನೇನು? ಅವ ಕೇಳಲಿಲ್ಲ, ನಾ ಹೇಳಲಿಲ್ಲ."

ಪುಸ್ತಕದ ಪಾಠ ಕಾಕಿಗೆ ಹತ್ತುತ್ತಿರಲಿಲ್ಲ. ವಿದ್ಯುತ್ತಿನ ವಿಷಯವನ್ನೆಲ್ಲ ಅವಳು ತನ್ನ ಬೀಗರ ಸಂಬಂಧಕ್ಕೆ ಹೊಂದಿಸಿಕೊಂಡು ಬಾಯಿಪಾಠ ಮಾಡುತ್ತಿದ್ದಳು. ವರ್ಷದ ಕೊನೆಯ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ನಗುವ ಅಭ್ಯಾಸ ಇಲ್ಲದ ಮನುಷ್ಯ. ಹುಡುಗರೆಲ್ಲ ಅವರೆದುರು ತೊದಲಿ, ಬೆವರಿ ಹೊರಬರುತ್ತಿದ್ದರು. ಕಾಕಿಯ ಸರದಿ ಬಂದಾಗ ನಾನು ಪಕ್ಕದ ಮೇಜಿನಲ್ಲಿ ಬೋರ್ಡು ಜೋಡಿಸುತ್ತಿದ್ದೆ.

"ಅರ್ಥಿಂಗ್ ಯಾಕ ಕೊಡ್ತೀವಿ?" ಎಂದು ಅವರು ಕೇಳಿದರು.

"ಫೇಸ್ ಅಂದ್ರ ಅಳಿಯ ಇದ್ದಂಗ್ರಿ, ಬರೋದೇ ಸಿಟ್ಟಿನಾಗ ಬರ್ತಾನ. ನ್ಯೂಟ್ರಲ್ ಅಂದ್ರ ಮಗಳು, ಸಮಾಧಾನ ಮಾಡಿ ವಾಪಸ್ ಕರ್ಕೊಂಡು ಹೋಗ್ತಾಳ. ಒಂದೊಂದು ದಿನ ಜಗಳ ಕೈ ಮೀರ್ತದಲ್ರಿ, ಅವತ್ತ ಆಕಿಗಿ ಹೋಗ್ಲಿಕ್ಕ ತವರುಮನಿ ಬೇಕು. ಅದೇ ಅರ್ಥಿಂಗ್. ಇಲ್ಲಾಂದ್ರ ಆ ಸಿಟ್ಟೆಲ್ಲ ಮುಟ್ಟಿದವರ ಮೈಮ್ಯಾಲ ಬರ್ತದ."

ಪಾಶಾ ಸರ್ ಕಿಟಕಿಯ ಕಡೆ ತಿರುಗಿ ನಿಂತರು. ಪರೀಕ್ಷಕರು, "ಮತ್ತ ಫ್ಯೂಸು?" ಎಂದರು.

"ಫ್ಯೂಸ್ ಅಂದ್ರ ನಮ್ಮಂಥ ಹಿರೇರು. ಭಾಳ ಆತಂದ್ರ ಮದ್ಲ ನಾವು ಸುಟ್ಟು ಹೋಗಬೇಕು, ಮನಿ ಉಳೀಬೇಕು."

ಅವರು ನಗಲಿಲ್ಲ. ಆದರೆ ಪೆನ್ನಿನ ಮುಚ್ಚಳ ಹಾಕಿ, "ಹೋಗ್ರಿ ಅಮ್ಮಾರ, ಆಯ್ತು" ಎಂದರು. ಕಾಕಿ ಪಾಸಾದಳು.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯವರು ಅಪ್ರೆಂಟಿಸ್‌ಗಳನ್ನು ಆರಿಸಲು ಬಂದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸಿದರು. ನಾನು ಆಯ್ಕೆಯಾದೆ. ಕಾಕಿ ಹೊರಬಂದಾಗ ಏನು ಕೇಳಿದರು ಎಂದೆ. "ಐದು ವರ್ಷ ಆದಮ್ಯಾಲ ಎಲ್ಲಿರ್ತೀರಿ ಅಂತ ಕೇಳಿದ್ರು. ಮೊಮ್ಮಕ್ಕಳ ನಡುವ ಅಂದೆ" ಎಂದಳು. ಮುಂದಿನದನ್ನು ನಾನು ಕೇಳಲಿಲ್ಲ, ಏಕೆಂದರೆ ನನ್ನ ತಲೆಯಲ್ಲಿ ಬೇರೆಯೇ ಚಿಂತೆ ಇತ್ತು. ಅಪ್ಪ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಪ್ಪ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಪರಸಿಗೆ ಪಾಲಿಶ್ ಹಾಕುವ ಕೆಲಸದವರು. ದಿನವೆಲ್ಲ ಮಿಷನ್ನಿನ ಸದ್ದಿನಲ್ಲಿ ಇದ್ದು ಬಂದು ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ನಾನು ವಾಡಿಯ ಸುದ್ದಿ ಎತ್ತಿದಾಗ, "ಗಂಡಸರ ಕಾರ್ಖಾನಿ, ಶಿಫ್ಟಿನ ಕೆಲಸ. ಒಬ್ಬಾಕಿ ಹೋಗೋದು ಬ್ಯಾಡ" ಎಂದು ಊಟದ ತಟ್ಟೆಯಲ್ಲೇ ಕೈ ತೊಳೆದರು. ಅಲ್ಲಿಗೆ ಮುಗಿಯಿತು. ನಾನು ಎರಡು ದಿನ ಅತ್ತೆ. ಮೂರನೆಯ ದಿನ ಕಾಕಿಗೆ ಫೋನು ಮಾಡಿದೆ.

ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋಗೆ ಕೈ ಮುಗಿದು, "ಜೈ ಭೀಮ್ ರಿ ಅಣ್ಣಾರ" ಎಂದು ಅಪ್ಪನ ಎದುರು ಕುಳಿತಳು. ಮಾತು ಶುರುವಾಗುವ ಮೊದಲೇ ನಮ್ಮ ಫ್ಯಾನು ಗರಗರ ಎಂದು ನಿಂತುಹೋಯಿತು. ಅಪ್ಪ ನಮ್ಮಿಬ್ಬರ ಮುಖ ನೋಡಿದರು.

"ಇಬ್ಬರು ಎಲೆಕ್ಟ್ರಿಶಿಯನ್ ಕುಂತೀರಿ. ನೋಡ್ರಿ ಮತ್ತ."

ಕಾಕಿ ಸ್ಟೂಲು ಹತ್ತಿದಳು. ನಾನು ಮೇನ್ ಆಫ್ ಮಾಡಿದೆ. ಕೆಪಾಸಿಟರ್ ಹೋಗಿದೆ ಎಂದು ಇಬ್ಬರೂ ಒಪ್ಪಿದೆವು. ನಾನು ಬೇಗ ಅಂಗಡಿಗೆ ಓಡಿ ಹೊಸದು ತಂದೆ. ವೈರು ನೀನು ಹಿಡಿ, ನಾನು ಹಿಡಿಯುತ್ತೇನೆ ಎಂದು ಜೋಡಿಸಿದೆವು. ಸ್ವಿಚ್ ಹಾಕಿದಾಗ ಫ್ಯಾನು ಜೋರಾಗಿ ತಿರುಗಿತು. ಕಾಕಿ ಕೈ ಮುಗಿದಳು. ಅಪ್ಪ ಬೆವರು ಒರೆಸಿಕೊಳ್ಳುತ್ತಲೇ ಇದ್ದರು.

"ತಿರಗಲಿಕತ್ತದ ಖರೇ, ಗಾಳಿ ಯಾಕ ಬರ್ವಲ್ದು?" ಎಂದರು.

ವೈರು ಅದಲು ಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿತ್ತು. ನಾನು ತಲೆ ತಗ್ಗಿಸಿದೆ. ಕಾಕಿ ಮೇಲೆ ನೋಡಿ, "ಗಾಳಿ ಮ್ಯಾಲ ಹೊಂಟದ್ರಿ ಅಣ್ಣಾರ. ಹಲ್ಲಿಗೋಳಿಗೂ ಸೆಕಿ ಆಗ್ತದಲ್ಲ" ಎಂದಳು. ಅಡುಗೆಮನೆಯಿಂದ ಅವ್ವನ ನಗು ಕೇಳಿಸಿತು.

"ನೀವಿಬ್ರು ಕಾರ್ಖಾನಿಗಿ ಹೋದ್ರ ಕಾರ್ಖಾನಿ ಹಿಂದಕ ನಡೀತದ" ಎಂದರು ಅಪ್ಪ.

"ಅದಕ್ಕ ಅಪ್ರೆಂಟಿಸ್ ಅಂತಾರ್ರಿ. ಪೂರಾ ಬರ್ತಿದ್ರ ಕಲೀಲಿಕ್ಕ ಯಾಕ ಹೋಗ್ತಿದ್ವಿ?" ಕಾಕಿ ಸ್ಟೂಲಿನ ಮೇಲಿಂದ ಇಳಿದು ಬಂದು ಕುಳಿತಳು. ದನಿ ಸಣ್ಣದು ಮಾಡಿದಳು. "ಅಣ್ಣಾರ, ನಾ ದಿನಾ ವಾಡಿಗಿ ಹೊಂಟೀನಿ. ವಯಸ್ಸಾಗೇದ, ಮಣಕಾಲು ನೋಯ್ತಾವ. ಬಸ್ಸಿನಾಗ ಹತ್ತಿಸಿ ಇಳಿಸ್ಲಿಕ್ಕ ನನಗೊಬ್ರು ಬೇಕು. ನಿಮ್ಮ ಗೌತಮಿನ ನನ್ನ ಸಂಗಾಟ ಕಳಸ್ರಿ. ಆಕಿ ಫಿಕರ್ ಬ್ಯಾಡ, ನನ್ನ ಫಿಕರ್ ಮಾಡ್ರಿ."

ಮಗಳನ್ನು ಕಳಿಸು ಎಂದಿದ್ದರೆ ಅಪ್ಪ ಇಲ್ಲ ಎನ್ನುತ್ತಿದ್ದರು. ಹಿರಿಯ ಹೆಂಗಸು ಆಸರೆ ಕೇಳಿದಾಗ ಇಲ್ಲ ಎನ್ನುವುದು ಅವರಿಂದ ಆಗಲಿಲ್ಲ. ಉಲ್ಟಾ ಫ್ಯಾನಿನ ಕೆಳಗೆ ಬಹಳ ಹೊತ್ತು ಬೆವರಿ, "ಅಕ್ಕೋರನ್ನ ಹುಷಾರಿಂದ ಕರ್ಕೊಂಡು ಹೋಗು" ಎಂದು ನನಗೆ ಹೇಳಿದರು.

ಮೊದಲ ದಿನ ಇಬ್ಬರೂ ವಾಡಿಯಲ್ಲಿ ಇಳಿದು ಕಾರ್ಖಾನೆಯ ಗೇಟಿಗೆ ನಡೆದೆವು. ಮಣಕಾಲು ನೋವಿನ ಕಾಕಿ ನನಗಿಂತ ಮುಂದೆ ನಡೆಯುತ್ತಿದ್ದಳು. ಗೇಟಿನಲ್ಲಿ ವಾಚ್‌ಮನ್ ಒಬ್ಬೊಬ್ಬರ ಹೆಸರು ಕೂಗಿ ಒಳಗೆ ಬಿಟ್ಟ. ನನ್ನ ಹೆಸರು ಬಂತು, ಕಾಕಿಯದು ಬರಲಿಲ್ಲ. ನಾನು ವಾಚ್‌ಮನ್ ಜೊತೆ ವಾದಕ್ಕೆ ನಿಂತಾಗ ಕಾಕಿ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ನನ್ನ ಹೆಸರು ಇಲ್ಲ ಬೇ. ಸಾಹೇಬ್ರು ಅವತ್ತೇ ಹೇಳ್ಯಾರ, ನಿಮ್ಮ ವಯಸ್ಸಿಗಿ ಆಗಂಗಿಲ್ಲ ಅಂತ."

"ಮತ್ತ ಅಪ್ಪನ ಮುಂದ ಹೊಂಟೀನಿ ಅಂದಿ?"

"ವಾಡಿಗಿ ಹೊಂಟೀನಿ ಅಂದೆ. ಕಾರ್ಖಾನಿ ಒಳಗ ಹೊಂಟೀನಿ ಅಂದೆನೇನು? ನಡಿ ಜಲ್ದಿ, ಗೇಟ್ ಹಾಕ್ತಾರ."

ನನಗೆ ಅಳು ಬಂತು. ಕಾಕಿಗೆ ಬಂದಿತ್ತೋ ಇಲ್ಲವೋ, ಅವಳು ಮುಖ ತಿರುಗಿಸಿ ಎದುರಿನ ಚಹಾದಂಗಡಿಯ ಬೋರ್ಡನ್ನು ಓದುತ್ತ ನಿಂತಿದ್ದಳು. ಒಳಗೆ ಹೋದ ಮೇಲೆ ಆ ದಿನ ನಾನು ಕಲಿತದ್ದು ಏನೂ ನೆನಪಿಲ್ಲ. ಸಂಜೆ ಹೊರಬಂದಾಗ ಕಾಕಿ ಅದೇ ಚಹಾದಂಗಡಿಯಲ್ಲಿ ಕುಳಿತಿದ್ದಳು. ಅಂಗಡಿಯವನ ಮಿಕ್ಸರ್ ಬಿಚ್ಚಿ ಬೆಂಚಿನ ತುಂಬ ಹರಡಿದ್ದಳು. ಅವನು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದ. ಅದನ್ನು ತಿರುಗಿ ಜೋಡಿಸಲು ಮರುದಿನವೂ ಬರಬೇಕಾಯಿತು.

ಹೀಗೆ ಕಾಕಿ ದಿನಾ ಬಂದಳು. ಮಿಕ್ಸರಿನ ನಂತರ ಅಂಗಡಿಯ ಫ್ಯಾನು ಬಂತು. ಆಮೇಲೆ ಲಾರಿ ಡ್ರೈವರುಗಳು ತಮ್ಮ ಟೇಬಲ್ ಫ್ಯಾನು, ಚಾರ್ಜಿಂಗ್ ಬ್ಯಾಟರಿ ತಂದು ಇಡತೊಡಗಿದರು. ಮೊದಮೊದಲು ಕೆಲವು ಉಲ್ಟಾ ತಿರುಗಿದವು, ಆಮೇಲೆ ಸೀದಾ ತಿರುಗಿದವು. ನಾನು ಒಳಗೆ ಕಲಿತದ್ದನ್ನು ಸಂಜೆ ಬಸ್ಸಿನಲ್ಲಿ ಅವಳಿಗೆ ಹೇಳುತ್ತಿದ್ದೆ. ಅವಳು ಅದನ್ನು ಮರುದಿನ ಯಾರದ್ದೋ ಮೋಟಾರಿನ ಮೇಲೆ ಪರೀಕ್ಷೆ ಮಾಡುತ್ತಿದ್ದಳು.

ಒಂದು ದಿನ ಅಪ್ಪ ಯಾವುದೋ ಕೆಲಸಕ್ಕೆ ವಾಡಿಗೆ ಬಂದವರು ಗೇಟಿನ ಎದುರು ಖಾಕಿ ಬಟ್ಟೆಯಲ್ಲಿ ಫ್ಯಾನುಗಳ ನಡುವೆ ಕುಳಿತ ಕಾಕಿಯನ್ನು ಕಂಡರು.

"ಅಕ್ಕೋರ, ನೀವು ಹೊರಗ ಯಾಕ ಕುಂತೀರಿ?"

"ಒಳಗಿನ ಡಿಪಾರ್ಟ್‌ಮೆಂಟ್ ನಿಮ್ಮ ಮಗಳದ್ರಿ. ಹೊರಗಿನ ಡಿಪಾರ್ಟ್‌ಮೆಂಟ್ ನಂದು. ಕುಂದ್ರಿ, ಚಹಾ ಕುಡೀರಿ."

ಅಪ್ಪ ಚಹಾ ಕುಡಿದು ಬಂದರು. ಅವ್ವ ಮರುದಿನ ಬೆಳಿಗ್ಗೆ ನನ್ನ ಚೀಲಕ್ಕೆ ರೊಟ್ಟಿಯ ಗಂಟು ಹಾಕುವಾಗ ಅಪ್ಪ, "ಇನ್ನೊಂದು ಕಟ್ಟು. ಹೊರಗಿನ ಡಿಪಾರ್ಟ್‌ಮೆಂಟಿಗಿ" ಎಂದರು. ನನ್ನ ಆ ವರ್ಷದ ಟ್ರೇನಿಂಗ್ ಮುಗಿಯುವವರೆಗೂ ಎರಡು ಗಂಟು ಹೋದವು.

ನಂತರ ನಾನು ವಾಡಿಯಲ್ಲೇ ಕೆಲಸಕ್ಕೆ ನಿಂತೆ. ಬಸ್ಸಿನಲ್ಲಿ ಒಬ್ಬಳೇ ಓಡಾಡುವುದನ್ನು ಅಪ್ಪ ಈಗ ಗಮನಿಸುವುದೂ ಇಲ್ಲ. ಕಾಕಿ ಊರಿಗೆ ಮರಳಿದಳು. ಗುಂಡಗುರ್ತಿಯ ಸುತ್ತಲಿನ ಹೊಲಗಳ ಮೋಟಾರು ಸುಟ್ಟರೆ ಅವಳನ್ನೇ ಕರೆಯುತ್ತಾರಂತೆ, ದೂರದ ಕೊಡ್ಲಿ ಊರಿನಿಂದಲೂ ಬರುತ್ತಾರಂತೆ ಎಂದು ಸುದ್ದಿ ಬರುತ್ತಿತ್ತು. ಮೊಬೈಲ್ ಅಂಗಡಿ ಬಿಟ್ಟ ಮಗ ಈಗ ಅವಳ ಕೈಕೆಳಗೆ ಸಾಮಾನು ಹಿಡಿಯುತ್ತಾನಂತೆ.

ಅವಳನ್ನು ಕೊನೆಯ ಸಲ ಕಂಡದ್ದು ಕಳೆದ ದೀಪಾವಳಿಗೆ ಮೊದಲು. ಮನೆಗೆ ಕರೆದು ಒಂದು ಹೊತ್ತು ಊಟ ಹಾಕಬೇಕು, ಸೀರೆ ಉಡಿಸಬೇಕು ಎಂದು ಅಪ್ಪ ನನ್ನನ್ನೇ ಕಳಿಸಿದ್ದರು. ಕಾಕಿ ಹಿಟ್ಟಿನ ಗಿರಣಿಯಲ್ಲಿದ್ದಳು. ಮುಖವೆಲ್ಲ ಜೋಳದ ಹಿಟ್ಟು, ಕೈಯೆಲ್ಲ ಗ್ರೀಸು. ಡಬ್ಬಿ ಹಿಡಿದ ಹೆಂಗಸರು ಬಾಗಿಲವರೆಗೂ ಸಾಲು ನಿಂತು ಅವಳನ್ನು ಬೈಯುತ್ತಿದ್ದರು. ಅವಳೂ ಮೋಟಾರಿನಿಂದ ತಲೆ ಎತ್ತದೆ ಅವರನ್ನು ಬೈಯುತ್ತಿದ್ದಳು. ನಾನು ಬಗ್ಗಿ ಅವಳ ಕಿವಿಯ ಹತ್ತಿರ ಊಟದ ವಿಷಯ ಹೇಳಿದೆ.

"ಇವತ್ತ ಆಗಂಗಿಲ್ಲ ಬೇ. ನಾಳಿಗಿ ಬರ್ತೀನಿ ಅಂತ ಹೇಳು" ಎಂದು ನನ್ನ ಕೆನ್ನೆಗೆ ಗ್ರೀಸು ಹಚ್ಚಿ ಕಳಿಸಿದಳು.

ಮೊನ್ನೆ ಅಪ್ಪ ಕೇಳಿದರು. "ಅಕ್ಕೋರು ಊಟಕ್ಕ ಬರ್ತೀನಿ ಅಂದಿದ್ರಲ್ಲ, ಯಾವಾಗ ಅಂದ್ರು?"

"ನಾಳಿಗಿ ಅಂದಾಳ."

"ಯಾವತ್ತ ಅಂದಾರ?"

"ದೀಪಾವಳಿ ಮುಂದ."

ಅಪ್ಪ ತಲೆ ಆಡಿಸಿದರು.

"ಹಂಗಾರ ನಾಳಿ ನಾಳಿ ಅನ್ನೋ ಪಕ್ಕಾ ಮಿಸ್ತ್ರಿ ಆಗ್ಯಾರ ಬಿಡು."